ಮುಂಬಯಿಯಲ್ಲಿ ಮನೆ ಕೊಳ್ಳುವವರಿಗೆ: ಕೆಲವು ಪ್ರಶ್ನೋತ್ತರಗಳು

ಪ್ರಶ್ನೆ: ನಿರ್ಮಾಣ ಹಂತದಲ್ಲಿರುವ ಫ್ಲ್ಯಾಟಿಗೆ ಎಷ್ಟು ಮುಂಗಡ ಕೊಡಬಹುದು?

ಉತ್ತರ: ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಅಧಿನಿಯಮ, 2016ರ 13ನೆಯ ಪ್ರಕರಣದ ಮೇರೆಗೆ, ಮಾರಾಟದ ಲಿಖಿತ ಕರಾರು ನೋಂದಣಿಯಾಗುವ ಮುನ್ನ ನಿರ್ಮಾಪಕರು ಬೆಲೆಯ ಶೇಕಡಾ 10ಕ್ಕಿಂತ ಅಧಿಕ ಹಣ ಪಡೆಯುವಂತಿಲ್ಲ.

ಪ್ರಶ್ನೆ: ಸಹಕಾರಿ ಗೃಹನಿರ್ಮಾಣ ಸಂಘದ ಹಳೆಯ ಫ್ಲ್ಯಾಟನ್ನು ಕೊಳ್ಳುವಾಗ ಏನನ್ನು ಪರಿಶೀಲಿಸಬೇಕು?

ಉತ್ತರ: ಷೇರು ಪ್ರಮಾಣಪತ್ರದ ಮೂಲಪ್ರತಿಯನ್ನು ಕಣ್ಣಾರೆ ನೋಡತಕ್ಕದ್ದು. ಅದು ಮಾರುವವರ ಬಳಿ ಇಲ್ಲದಿದ್ದಲ್ಲಿ, ಸಾಲಕ್ಕಾಗಿ ಬ್ಯಾಂಕಿನಲ್ಲಿ ಒತ್ತೆಯಿರಬಹುದು.

ಪ್ರಶ್ನೆ: ಪಗಡಿ ಕೊಟ್ಟು ಚಾಳಿನ ಕೋಣೆಯನ್ನು ಪಡೆದರೆ ಒಡೆತನ ಲಭಿಸುವುದೇ?

ಉತ್ತರ: ಇಲ್ಲ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಅಧಿನಿಯಮ, 1999ರ 56ನೆಯ ಪ್ರಕರಣವು ಪಗಡಿಯನ್ನು ಕಾನೂನುಬದ್ಧಗೊಳಿಸಿದೆಯಾದರೂ ದೊರೆಯುವುದು ಬಾಡಿಗೆದಾರರ ಹಕ್ಕು ಮಾತ್ರ. ಮನೆಯೊಡೆಯರ ಲಿಖಿತ ಸಮ್ಮತಿಯಿಲ್ಲದೆ ಹಣ ಕೊಟ್ಟರೆ ಆ ಹಕ್ಕಿಗೂ ಚ್ಯುತಿ ಬಂದೀತು. ಜೀವಮಾನದ ಉಳಿತಾಯ ವ್ಯರ್ಥವಾದೀತು.