ಮನೆ ಸಾಮಾನು ಗೋಡೌನಿಗೆ: ಸಹಿ ಹಾಕುವ ಮುಂಚೆ

ಫೋನಿನಲ್ಲಿ 18,000 ರೂಪಾಯಿಗೆ ಒಪ್ಪಿದ ಕೆಲಸ, ಲಾರಿ ಅಪಾರ್ಟ್‌ಮೆಂಟಿನ ಗೇಟು ದಾಟಿದ ಮೇಲೆ 32,000ಕ್ಕೆ ಏರುತ್ತದೆ. ‘ಸಾಮಾನು ಜಾಸ್ತಿ ಇತ್ತು, ಲಿಫ್ಟ್ ಕೊಡಲಿಲ್ಲ, ದುಡ್ಡು ಹಾಕಿದರೆ ಇಳಿಸುತ್ತೇವೆ’ ಎಂದು ಕರೆ ಬರುತ್ತದೆ. ಹಳೆ ಫ್ಲ್ಯಾಟ್ ಖಾಲಿ ಮಾಡಿ, ಹೊಸ ಮನೆಯ ಗೃಹಪ್ರವೇಶದವರೆಗೆ ಮಂಚ, ಬೀರು, ಫ್ರಿಜ್ಜು, ಪಾತ್ರೆಪಡಗ ಎಲ್ಲವನ್ನೂ ಗೋಡೌನಿನಲ್ಲಿಡಲು ಹೊರಟ ಬೆಂಗಳೂರಿನ ಕುಟುಂಬಗಳಿಗೆ ಇದು ಹೊಸ ಕಥೆಯಲ್ಲ. ಇಡೀ ಸಂಸಾರವೇ ಲಾರಿಯಲ್ಲಿರುವಾಗ ಚೌಕಾಸಿಗೆ ಯಾರಿಗೂ ಧೈರ್ಯವಿರುವುದಿಲ್ಲ. ದುಡ್ಡು ಕೊಟ್ಟು ಸುಮ್ಮನಾಗುತ್ತಾರೆ.

ಸುಮ್ಮನಾಗಬೇಕಾದ್ದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ ಸೆಕ್ಷನ್ 15ರ ಪ್ರಕಾರ, ಒಬ್ಬರ ಸ್ವತ್ತನ್ನು ಕಾನೂನುಬಾಹಿರವಾಗಿ ತಡೆದಿಟ್ಟು ಒಪ್ಪಿಗೆ ಪಡೆಯುವುದೂ ಬಲವಂತವೇ. ಬಲವಂತದಿಂದ ವಸೂಲಿಯಾದ ಹಣವನ್ನು ಹಿಂದಿರುಗಿಸಬೇಕು ಎನ್ನುತ್ತದೆ ಸೆಕ್ಷನ್ 72. ಆ ಸೆಕ್ಷನ್ನಿಗೆ ಶಾಸನವೇ ಕೊಟ್ಟಿರುವ ಉದಾಹರಣೆ ಇಂದಿನ ಲಾರಿ ಪ್ರಸಂಗಕ್ಕೆ ಅಳತೆ ತೆಗೆದು ಹೊಲಿಸಿದಂತಿದೆ: ಅಕ್ರಮ ಶುಲ್ಕ ಕೊಡದ ಹೊರತು ಸರಕು ಬಿಡುವುದಿಲ್ಲ ಎಂದು ರೈಲ್ವೆ ಕಂಪನಿಯೊಂದು ಪಟ್ಟು ಹಿಡಿಯುತ್ತದೆ, ಗ್ರಾಹಕ ಬೇರೆ ದಾರಿಯಿಲ್ಲದೆ ಕೊಡುತ್ತಾನೆ, ಮಿತಿಮೀರಿ ತೆತ್ತಷ್ಟನ್ನು ವಾಪಸ್ ಪಡೆಯಲು ಅವನು ಹಕ್ಕುದಾರ. ಆದ್ದರಿಂದ ಕೊಡಲೇಬೇಕಾಗಿ ಬಂದರೆ ನಗದು ಬೇಡ. ಯುಪಿಐ ಮೂಲಕ ಕಳಿಸಿ, ‘ಸಾಮಾನು ತಡೆದಿಟ್ಟಿದ್ದರಿಂದ ಆಕ್ಷೇಪಣೆಯೊಂದಿಗೆ ಕೊಡುತ್ತಿದ್ದೇನೆ, ಮರುಪಾವತಿ ಕೇಳುವ ಹಕ್ಕು ಕಾಯ್ದಿರಿಸಿದ್ದೇನೆ’ ಎಂದು ವಾಟ್ಸಾಪ್‌ನಲ್ಲಿ ಬರೆದಿಟ್ಟರೆ ಅದೇ ಮುಂದೆ ಸಾಕ್ಷಿ.

ಇದೆಲ್ಲ ನಡೆಯುವುದು ಮೊದಲಿನ ದರ ಬರಹದಲ್ಲಿದ್ದರೆ ಮಾತ್ರ. ದರಪಟ್ಟಿಯಲ್ಲಿ ಮಹಡಿ, ಲಿಫ್ಟ್ ಬಳಕೆ, ಮಂಚ ಬಿಚ್ಚಿ ಜೋಡಿಸುವ ಕೂಲಿ, ಹಮಾಲಿ, ತಿಂಗಳ ಬಾಡಿಗೆ, ಸಾಮಾನು ಹೊರತೆಗೆಯುವ ದಿನದ ಖರ್ಚು ಎಲ್ಲವೂ ಬಿಡಿಬಿಡಿಯಾಗಿ ಇರಬೇಕು. ಕೊನೆಯದನ್ನು ಕೇಳುವವರೇ ಕಡಿಮೆ. ಗೋಡೌನಿನವರು ಕಸರತ್ತು ಮಾಡುವುದೂ ಅಲ್ಲಿಯೇ. ಬಿಲ್ಲಿನ ಮೇಲಿನ ಜಿಎಸ್‌ಟಿ ಸಂಖ್ಯೆ ಕರ್ನಾಟಕದ್ದಾದರೆ 29ರಿಂದ ಶುರುವಾಗುವ 15 ಅಂಕಿ-ಅಕ್ಷರಗಳಿರುತ್ತವೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಅದು ಯಾರ ಹೆಸರಿನಲ್ಲಿದೆ ಎಂದು ಯಾರು ಬೇಕಾದರೂ ನೋಡಬಹುದು. ಇನ್ನು ‘ಇ-ವೇ ಬಿಲ್ ಖರ್ಚು’ ಎಂಬ ಸಾಲು ಕಂಡರೆ ಹುಬ್ಬೇರಿಸಬೇಕು. ಬಳಸಿದ ಮನೆ ಸಾಮಾನಿನ ಸಾಗಣೆಗೆ ಇ-ವೇ ಬಿಲ್ಲಿನಿಂದ ವಿನಾಯಿತಿ ಇದೆ.

ಲಾರಿಯಲ್ಲಿರುವಷ್ಟು ಹೊತ್ತು ಸಾಮಾನು 2007ರ ರಸ್ತೆ ಸಾಗಣೆ ಕಾಯ್ದೆಯ ಕೈಯಲ್ಲಿರುತ್ತದೆ. 1865ರ ಹಳೆಯ ಕಾಯ್ದೆಯನ್ನು ತೆಗೆದು 2011ರ ಮಾರ್ಚ್ 1ರಂದು ಜಾರಿಗೆ ಬಂದ ಇದು, ಬಾಡಿಗೆಗೆ ಸರಕು ಸಾಗಿಸುವ ಸಾಗಣೆದಾರರು ನೋಂದಣಿ ಮಾಡಿಸಿರಬೇಕು, ಸರಕಿಗೆ ರಸೀದಿ ಕೊಡಬೇಕು ಎನ್ನುತ್ತದೆ. ಹಾನಿಯಾದರೆ ಸಾಗಣೆದಾರನ ನಿರ್ಲಕ್ಷ್ಯವನ್ನು ಗ್ರಾಹಕ ರುಜುವಾತು ಮಾಡಬೇಕಿಲ್ಲ. ಹಳೆಯ ಕಾಯ್ದೆಯಲ್ಲೂ ಇದೇ ನಿಯಮವಿತ್ತು. ಸಾಗಣೆ ಸಂಸ್ಥೆಯ ಗೋಡೌನಿಗೆ ಬೆಂಕಿ ಬಿದ್ದು ಜನರೇಟರ್‌ಗಳು ಸುಟ್ಟುಹೋದ ಪಟೇಲ್ ರೋಡ್‌ವೇಸ್ ಪ್ರಕರಣದಲ್ಲಿ, ಗ್ರಾಹಕ ವೇದಿಕೆಗಳ ಮುಂದೆಯೂ ಆ ನಿಯಮ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2000ರಲ್ಲಿ ಹೇಳಿತು.

ಆದರೆ ಇದೇ ಕಾಯ್ದೆಯಲ್ಲಿ ಎರಡು ಗುಂಡಿಗಳಿವೆ.

ಮೊದಲನೆಯದು ಮೊತ್ತದ್ದು. ಹೆಚ್ಚಿನ ಅಪಾಯದ ದರ ಕೊಡುವುದಾಗಿ ಮೊದಲೇ ಒಪ್ಪಿಕೊಂಡಿರದಿದ್ದರೆ, ಸಾಗಣೆದಾರನ ಹೊಣೆ ಸಾಗಣೆ ಬಾಡಿಗೆಯ 10 ಪಟ್ಟಿಗೆ ಸೀಮಿತ. ಸರಕಿನ ಮೌಲ್ಯ ಇಷ್ಟು ಎಂದು ಬರೆಸಿದ್ದರೆ ಅದನ್ನೂ ಮೀರುವಂತಿಲ್ಲ. ಬಾಡಿಗೆ 15,000 ಎಂದಿಟ್ಟುಕೊಂಡರೆ ಗರಿಷ್ಠ 1.5 ಲಕ್ಷ. ದೊಡ್ಡ ಕುಟುಂಬವೊಂದರ ಟಿವಿ, ವಾಷಿಂಗ್ ಮಷೀನು, ತೇಗದ ಪೀಠೋಪಕರಣ ಸೇರಿದರೆ ಇದು ಎಲ್ಲಿಗೆ ಸಾಕು? ಅರ್ಧ ನಿಮಿಷದಲ್ಲಿ ‘ಮೌಲ್ಯ: 50,000’ ಎಂದು ಮೇಸ್ತ್ರಿ ಗೀಚಿಕೊಂಡ ಫಾರಂಗೆ ಸಹಿ ಬಿದ್ದಿದ್ದರೆ ಅದೂ ಇಲ್ಲ.

ಎರಡನೆಯದು ದಿನಗಳದ್ದು, ಗೋಡೌನಿಗೆ ಹೋಗುವವರಿಗೆ ಹೆಚ್ಚು ಅಪಾಯಕಾರಿ. ಸೆಕ್ಷನ್ 16ರಂತೆ ನಷ್ಟದ ಬಗ್ಗೆ ಸಾಗಣೆದಾರನಿಗೆ ಲಿಖಿತ ನೋಟಿಸು ಬುಕಿಂಗ್ ಆದ ದಿನದಿಂದ 180 ದಿನಗಳೊಳಗೆ ತಲುಪಿರಬೇಕು, ಆಮೇಲೆಯೇ ದಾವೆ. ಮನೆಯಿಂದ ಮನೆಗೆ ಹೋಗುವವರು ಮರುದಿನವೇ ಪೆಟ್ಟಿಗೆ ಬಿಚ್ಚುತ್ತಾರೆ. ಗೋಡೌನಿನಲ್ಲಿಟ್ಟವರು ಬಿಚ್ಚುವುದು ಎಂಟೊಂಬತ್ತು ತಿಂಗಳ ಮೇಲೆ. ಅಷ್ಟು ಹೊತ್ತಿಗೆ ಒಡೆದ ಟಿವಿ ಒಡೆದದ್ದು ಲಾರಿಯಲ್ಲೋ ಗೋಡೌನಿನಲ್ಲೋ ಹೇಳುವವರಿಲ್ಲ, 180 ದಿನಗಳೂ ಕಳೆದಿರುತ್ತವೆ. ಹಾಗಾಗಿ ಮನೆಯವರಲ್ಲಿ ಒಬ್ಬರಾದರೂ ಲಾರಿಯ ಹಿಂದೆಯೇ ಗೋಡೌನಿಗೆ ಹೋಗಬೇಕು. ಬೆಲೆಬಾಳುವ ಪೆಟ್ಟಿಗೆಗಳನ್ನು ಅಲ್ಲಿಯೇ ಬಿಚ್ಚಿಸಿ ನೋಡಿ, ಫೋಟೊ ತೆಗೆದು, ಪಟ್ಟಿಯ ಮೇಲೆ ಗೋಡೌನಿನವರ ಸಹಿ ಪಡೆಯಬೇಕು. ಪಟ್ಟಿಯಲ್ಲಿ ‘ಕಾರ್ಟನ್ 42’ ಎಂದಷ್ಟೇ ಇದ್ದರೆ ಪ್ರಯೋಜನವಿಲ್ಲ. ಪೆಟ್ಟಿಗೆಗೆ ನಂಬರು, ಒಳಗೇನಿದೆ, ಮೊದಲೇ ಗೀರು ಬಿದ್ದಿದೆಯೇ ಎಂಬುದೂ ಬರಬೇಕು.

ಗೋಡೌನಿನ ಬಾಗಿಲು ದಾಟಿದ ಮೇಲೆ ಮತ್ತೆ ಕರಾರು ಕಾಯ್ದೆ. ಕಾನೂನು ‘ಬೇಲ್‌ಮೆಂಟ್’ ಎನ್ನುವ ಈ ಸಂಬಂಧದಲ್ಲಿ, ಇಟ್ಟುಕೊಂಡವರು ಸಾಮಾನ್ಯ ವಿವೇಕದ ಮನುಷ್ಯ ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಜಾಗ್ರತೆ ವಹಿಸಬೇಕು. ಗೆದ್ದಲು, ಮಳೆನೀರು, ಇಲಿ ಎಲ್ಲದಕ್ಕೂ ಅಳತೆಗೋಲು ಅದೇ. ಇಟ್ಟವರಿಗೂ ಕರ್ತವ್ಯವಿದೆ: ಅಪಾಯ ತರುವ ವಸ್ತುವನ್ನು ಮುಚ್ಚಿಡುವಂತಿಲ್ಲ. ಗ್ಯಾಸ್ ಸಿಲಿಂಡರನ್ನು ಪೆಟ್ಟಿಗೆಗಳ ನಡುವೆ ತೂರಿಸುವ ಬದಲು ಏಜೆನ್ಸಿಗೆ ಒಪ್ಪಿಸಿ ಠೇವಣಿ ಪಡೆದುಕೊಳ್ಳುವುದೇ ದಾರಿ.

ಕರಾರಿನ ಮೂಲೆಯಲ್ಲಿ ‘ಮಾಲೀಕರ ಸ್ವಂತ ಜವಾಬ್ದಾರಿ’ ಎಂಬ ಸಾಲು ಇದ್ದೇ ಇರುತ್ತದೆ. ಅದನ್ನು ಕಂಡು ಹಕ್ಕು ಬಿಟ್ಟುಕೊಡಬಾರದು. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿನ ಸಿಬ್ಬಂದಿಯ ಕೈಗೆ ಪಾರ್ಕಿಂಗಿಗೆಂದು ಕೊಟ್ಟ ಮಾರುತಿ ಜೆನ್ ಕಾರು ಕಳುವಾಯಿತು. ಚೀಟಿಯ ಮೇಲೆ ಇಂಥದೇ ಸಾಲಿತ್ತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ 2019ರಲ್ಲಿ ತೀರ್ಪು ಬಂತು: ವಾಹನವನ್ನು ವಶಕ್ಕೆ ಪಡೆದ ಹೋಟೆಲು ಅಂಥ ಸಾಲಿನ ಬಲದಿಂದ ತನ್ನ ಸಿಬ್ಬಂದಿಯ ನಿರ್ಲಕ್ಷ್ಯದ ಹೊಣೆ ಕಳಚಿಕೊಳ್ಳುವಂತಿಲ್ಲ. ಹಾಗೆಂದು ಸಹಿಗೆ ಬೆಲೆಯೇ ಇಲ್ಲವೆಂದಲ್ಲ. 1996ರ ಭಾರತಿ ನಿಟ್ಟಿಂಗ್ ಪ್ರಕರಣದಲ್ಲಿ ಕೊರಿಯರ್ ಚೀಟಿಯ ಷರತ್ತಿಗೆ ಸಹಿ ಹಾಕಿದ್ದ ಕಂಪನಿಗೆ ಸಿಕ್ಕಿದ್ದು ಅದರಲ್ಲಿ ಬರೆದಿದ್ದ 100 ಡಾಲರ್ ಮಾತ್ರ. ಹೊಣೆಯ ಮೊತ್ತಕ್ಕೆ ಮಿತಿ ಹಾಕುವ ಷರತ್ತನ್ನು ಹೊಡೆದುಹಾಕುವುದು ಕಷ್ಟ. ಓದಿ, ಮೊತ್ತ ತಿದ್ದಿಸಿ, ತಿದ್ದಿದಲ್ಲಿ ಇಬ್ಬರೂ ಸಹಿ ಮಾಡುವುದೇ ಸುಲಭ.

ವಿಮೆಯ ಮಾತಿಗೂ ಕಿವಿಯ ಜೊತೆ ಕಣ್ಣು ಕೊಡಬೇಕು. ‘ಇನ್ಶೂರೆನ್ಸ್ ಸೇರಿದೆ’ ಎಂದವರಲ್ಲಿ ವಿಮಾ ಕಂಪನಿಯ ಹೆಸರು, ಪಾಲಿಸಿ ಸಂಖ್ಯೆ, ಗ್ರಾಹಕರ ಹೆಸರಿರುವ ಪ್ರಮಾಣಪತ್ರ ಕೇಳಿದಾಗ ಅರ್ಧದಷ್ಟು ಮಾತು ಕರಗುತ್ತದೆ. ಸಾಗಣೆಯ ವಿಮೆ ಗೋಡೌನಿನಲ್ಲಿ ಕಳೆಯುವ ತಿಂಗಳುಗಳಿಗೆ ತಾನಾಗಿ ಅನ್ವಯಿಸುತ್ತದೆ ಎಂದುಕೊಳ್ಳಬಾರದು. ಫ್ಲ್ಯಾಟಿನ ಗೃಹವಿಮೆಯೂ ಸಾಮಾನ್ಯವಾಗಿ ಆ ವಿಳಾಸಕ್ಕೆ ಅಂಟಿಕೊಂಡದ್ದು.

ಬೀಗ ಯಾರದ್ದು ಎಂಬುದೂ ಮುಖ್ಯ. ಗ್ರಾಹಕರೇ ಬೀಗ ಹಾಕಿ ಕೀ ಇಟ್ಟುಕೊಳ್ಳುವ ‘ಸೆಲ್ಫ್ ಸ್ಟೋರೇಜ್’ ಕೊಠಡಿಗಳಲ್ಲಿ ಸಂಸ್ಥೆ ‘ನಾವು ಬಾಡಿಗೆಗೆ ಕೊಟ್ಟದ್ದು ಜಾಗ, ಸಾಮಾನು ನಮ್ಮ ವಶದಲ್ಲಿರಲಿಲ್ಲ’ ಎಂದು ವಾದಿಸಬಲ್ಲದು. ಅಂಥ ಕರಾರಿನಲ್ಲಿ ಕಾವಲು, ಸಿಸಿಟಿವಿ, ಬೆಂಕಿ ರಕ್ಷಣೆ ಸಂಸ್ಥೆಯ ಹೊಣೆ ಎಂದು ಬರೆಸಿಕೊಳ್ಳದಿದ್ದರೆ ತೊಡಕು.

ಬಾಡಿಗೆ ಎರಡು ತಿಂಗಳು ತಪ್ಪಿತು ಎಂದುಕೊಳ್ಳೋಣ. ಬಾಕಿಗಾಗಿ ಸಾಮಾನು ಹಿಡಿದಿಡುವ ಸಾಮಾನ್ಯ ಹಕ್ಕನ್ನು ಕರಾರು ಕಾಯ್ದೆಯ ಸೆಕ್ಷನ್ 171 ಬ್ಯಾಂಕು, ವಕೀಲರು ಮುಂತಾದ ಐದು ವರ್ಗಗಳಿಗೆ ಮಾತ್ರ ಕೊಟ್ಟಿದೆ, ಗೋಡೌನಿನವರು ಅದರಲ್ಲಿಲ್ಲ. ಅವರಿಗೆ ಅದು ಬೇಕಾದರೆ ಕರಾರಿನಲ್ಲಿ ಸ್ಪಷ್ಟವಾಗಿ ಬರೆದಿರಬೇಕು, ಬಹುಮಟ್ಟಿಗೆ ಬರೆದೇ ಇರುತ್ತಾರೆ. ಹಿಡಿದಿಡುವುದು ಬೇರೆ, ಹರಾಜು ಹಾಕುವುದು ಬೇರೆ. ಮಾರುವ ಅಧಿಕಾರದ ಸಾಲು ಇದ್ದರೆ ಎಷ್ಟು ದಿನದ ನೋಟಿಸು, ಯಾವ ವಿಳಾಸಕ್ಕೆ ಎಂದು ನೋಡಬೇಕು. ಖಾಲಿ ಮಾಡಿದ ಫ್ಲ್ಯಾಟಿನ ವಿಳಾಸವನ್ನೇ ಕರಾರಿನಲ್ಲಿ ಬಿಟ್ಟುಬಂದವರ ನೋಟಿಸು ಯಾರ ಕೈ ಸೇರೀತು?

ಸಾಮಾನೇ ಮಾಯವಾದರೆ ಅದು ಬರೀ ಸೇವಾ ನ್ಯೂನತೆಯಲ್ಲ. ನಂಬಿ ಒಪ್ಪಿಸಿದ್ದನ್ನು ಸಾಗಣೆದಾರ ಅಥವಾ ಗೋಡೌನಿನವನು ಅಪ್ರಾಮಾಣಿಕವಾಗಿ ನುಂಗಿದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 316(3)ರಡಿ 7 ವರ್ಷದವರೆಗೆ ಜೈಲು. ‘ಇದು ನಮ್ಮ ವ್ಯಾಪ್ತಿಯಲ್ಲ’ ಎಂದು ಠಾಣೆಯಲ್ಲಿ ಹೇಳಿದರೆ, ಅಪರಾಧ ಎಲ್ಲೇ ನಡೆದಿದ್ದರೂ ಮಾಹಿತಿ ದಾಖಲಿಸಿಕೊಳ್ಳಲು ಅವಕಾಶ ಕೊಡುವ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 173ನ್ನು ತೋರಿಸಬಹುದು.

ಪರಿಹಾರಕ್ಕೆ ಮೊದಲ ಕರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬಗೆಹರಿಯದಿದ್ದರೆ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗ. ಸಾಮಾನಿನ ಬೆಲೆ ದೊಡ್ಡದು, ಶುಲ್ಕವೂ ದೊಡ್ಡದಿರಬೇಕು ಎಂದು ಹಿಂಜರಿಯುವವರಿದ್ದಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಲೆಕ್ಕ ಸೇವೆಗೆ ಕೊಟ್ಟ ಹಣದ್ದು, ಕಳೆದುಕೊಂಡ ವಸ್ತುವಿನದ್ದಲ್ಲ. ಕೊಟ್ಟದ್ದು 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೇ ಇಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು, ವಕೀಲರು ಕಡ್ಡಾಯವಲ್ಲ. ಸಾಮಾನು ಬೆಂಗಳೂರಿನ ಗೋಡೌನಿನಲ್ಲಿದ್ದು ಕುಟುಂಬ ಈಗ ಮೈಸೂರಿನಲ್ಲಿ ವಾಸವಿದ್ದರೆ, ಮೈಸೂರಿನ ಆಯೋಗದಲ್ಲೇ ದೂರು ಕೊಡಲು ಸೆಕ್ಷನ್ 34 ಅವಕಾಶ ಮಾಡಿಕೊಟ್ಟಿದೆ.