ಕೊನೆಯ ಎಲೆ ಬಿದ್ದ ಮೇಲೆ

ಹೋಲ್ಡೆಮ್ ಆಡುವವರಿಗೆ ಒಂದು ಮಾತು. ಮೇಜಿನ ಮೇಲೆ ಆಟೀನ್ ರಾಜ, ಆಟೀನ್ 9, ಇಸ್ಪೇಟ್ 4, ಕಳಾವರ್ 2. ರಿವರ್‌ನಲ್ಲಿ ಆಟೀನ್ 7 ಬಂತು. ನಿಮ್ಮ ಕೈಲಿ ಎಕ್ಕ, ರಾಜ, ಎರಡೂ ಕಪ್ಪು. ಎದುರಾಳಿ ಎರಡು ಸುತ್ತು ಬರೀ ಕಾಲ್ ಮಾಡಿ ಈಗ ಚೆಕ್ ಅಂದಿದ್ದಾರೆ. ಅಷ್ಟಕ್ಕೇ ಅವರ ಕೈ ಸಪ್ಪೆ ಅಂದುಕೊಳ್ಳಬೇಡಿ: ಫ್ಲಶ್ ಈಗಷ್ಟೇ ಕೂಡಿರಬಹುದು, ಸೆಟ್ ಬಚ್ಚಿಟ್ಟು ಕೂತವರೂ ಉಂಟು. ಪಾಟ್‌ನಲ್ಲಿ 900 ಇದ್ದು, ನೀವೂ 900 ಕಟ್ಟಿದರೆ ಸೋಲುವ ಕೈಗಳು ಬಹುಪಾಲು ಜಾಗ ಖಾಲಿ ಮಾಡುತ್ತವೆ, ನಿಮ್ಮನ್ನು ಸೋಲಿಸುವವೇ ಉಳಿಯುತ್ತವೆ. 300 ಸಾಕು, ರಾಜ-ರಾಣಿ ಹಿಡಿದವರು ಕಾಲ್ ಮಾಡಿಯಾರು. ಬರುವ ಕಾಲ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಿಮಗಿಂತ ಕೆಳಗಿನ ಕೈಗಳದ್ದಲ್ಲ ಎನಿಸಿದರೆ ಅದೂ ಬೇಡ, ಚೆಕ್ ಮಾಡಿ ಎಲೆ ತೋರಿಸಿ. 300ಕ್ಕೆ ದೊಡ್ಡ ರೇಸ್ ಬಂತೇ? ಸಣ್ಣ ಆಟಗಳಲ್ಲಿ ಅಲ್ಲಿ ಬ್ಲಫ್ ಬಲು ಅಪರೂಪ, ಎಲೆ ಎಸೆದುಬಿಡಿ. (ನಿಮ್ಮ ಎಕ್ಕ ಆಟೀನ್ ಆಗಿದ್ದರೆ ಲೆಕ್ಕ ಕೊಂಚ ಬೇರೆ: ಎಲ್ಲಕ್ಕಿಂತ ದೊಡ್ಡ ಫ್ಲಶ್ ಅವರ ಬಳಿ ಇರಲಾರದು.)