ರೋಗಾಣುವಿನ ವಿಷವೂ ಅರ್ಬುದ ಚಿಕಿತ್ಸೆಯೂ

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬುದು ಹಿರಿಯರ ಅನುಭವದ ನುಡಿ. ಅರ್ಬುದ ಅಥವಾ ಕ್ಯಾನ್ಸರ್ ಎಂಬ ಮುಳ್ಳನ್ನು ಕೀಳಲು ರೋಗಾಣುವಿನ ವಿಷವನ್ನೇ ಸಾಧನವಾಗಿಸುವ ಪ್ರಯೋಗಗಳು ದಶಕಗಳಿಂದ ನಡೆದು ಬಂದಿವೆ. ಕೊಲ್ಲುವ ಶಕ್ತಿ ಈ ವಿಷಗಳಲ್ಲಿ ಧಾರಾಳವಾಗಿದೆ. ಗಂಟಲಮಾರಿ ಅಥವಾ ಡಿಫ್ತೀರಿಯಾ ವಿಷದ ಕ್ರಿಯಾಶೀಲ ತುಣುಕಿನ ಒಂದೇ ಅಣು ಒಳಹೊಕ್ಕರೆ ಜೀವಕೋಶವೊಂದು ಸಾಯುವುದೆಂದು 1978ರಲ್ಲಿಯೇ ಸಿದ್ಧಪಟ್ಟಿತು. ಕಷ್ಟವಿರುವುದು ರೋಗದ ಕೋಶವನ್ನು ಆರೋಗ್ಯದ ಕೋಶದಿಂದ ಬೇರ್ಪಡಿಸಿ ಗುರುತಿಸುವುದರಲ್ಲಿ.

ಈ ವಿವೇಚನೆಯನ್ನು ವಿಷಕ್ಕೆ ಕಲಿಸಬಹುದೆಂಬುದಕ್ಕೆ ನೆರಡಿ ರೋಗದ, ಎಂದರೆ ಆಂಥ್ರಾಕ್ಸಿನ, ವಿಷವೇ ಉತ್ತಮ ನಿದರ್ಶನ. ಅದರ ಒಂದು ಪ್ರೋಟೀನು ಕೋಶದ ಹೊರಮೈಗೆ ಅಂಟಿಕೊಳ್ಳುತ್ತದೆ. ಕೋಶದಲ್ಲಿಯೇ ಇರುವ ಫ್ಯೂರಿನ್ ಎಂಬ ಕಿಣ್ವ ಅದನ್ನು ಒಂದೆಡೆ ಕತ್ತರಿಸಿದಾಗ ಅಂತಹ ಏಳು ಅಣುಗಳು ಕೂಡಿ ಉಂಗುರವಾಗಿ ಬಾಗಿಲು ತೆರೆಯುತ್ತವೆ. ಮಾರಕ ಪ್ರೋಟೀನು ಒಳನುಗ್ಗುತ್ತದೆ. ಫ್ಯೂರಿನ್ ಬಹುತೇಕ ಎಲ್ಲ ಕೋಶಗಳಲ್ಲಿಯೂ ಇರುವುದರಿಂದ ಈ ವಿಷ ಯಾವ ಕೋಶವನ್ನೂ ಬಿಡದು.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ಸ್ಟೀಫನ್ ಲೆಪ್ಲಾ ಮತ್ತು ಸಹೋದ್ಯೋಗಿಗಳು ಆ ಕತ್ತರಿಸುವ ಸ್ಥಳವನ್ನೇ ಬದಲಿಸಿ, ಯೂರೊಕೈನೇಸ್ ಎಂಬ ಬೇರೊಂದು ಕಿಣ್ವಕ್ಕೆ ಮಾತ್ರ ಅದು ಒಡ್ಡಿಕೊಳ್ಳುವಂತೆ ಮಾಡಿದರು. ಅನೇಕ ಕ್ಯಾನ್ಸರ್ ಕೋಶಗಳ ಮೇಲ್ಮೈಯಲ್ಲಿ ಈ ಕಿಣ್ವ ಚುರುಕಾಗಿರುತ್ತದೆ. ಒಳನುಗ್ಗುವ ಪ್ರೋಟೀನಿಗೆ ಸ್ಯೂಡೊಮೊನಾಸ್ ರೋಗಾಣುವಿನ ವಿಷಾಂಶವನ್ನು ಜೋಡಿಸಲಾಗಿತ್ತು. 2003ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಬದಲಿಸದ ವಿಷದಿಂದ ಇಲಿಗಳು ಬೇಗನೆ ಸತ್ತವು. ಬದಲಿಸಿದ ವಿಷ ಅವುಗಳ ದೇಹಕ್ಕೆ ಬಹಳ ಕಡಿಮೆ ಹಾನಿ ಮಾಡಿ ಗೆಡ್ಡೆಗಳನ್ನು ಬಹುವಾಗಿ ಕುಗ್ಗಿಸಿತು. 2005ರಲ್ಲಿ ಇದೇ ಬಳಗ, ಎರಡು ಬೇರೆ ಬೇರೆ ಕಿಣ್ವಗಳು ಒಂದೆಡೆ ಇದ್ದರಷ್ಟೇ ಬಾಗಿಲು ತೆರೆಯುವ ವಿಷವನ್ನು ರೂಪಿಸಿತು. ಒಂದು ಬೀಗದ ಸ್ಥಳದಲ್ಲಿ ಎರಡು ಬೀಗಗಳಾದವು.

ಇಲಿಯಲ್ಲಿ ಕಂಡ ಗುಣ ಮನುಷ್ಯನಿಗೆ ಮದ್ದಾಗುವ ದಾರಿ ದೀರ್ಘವಾದುದು. ರೋಗಾಣುವಿನ ಪ್ರೋಟೀನನ್ನು ಮಾನವದೇಹ ಪರಕೀಯವೆಂದು ಅರಿತು ಪ್ರತಿಕಾಯಗಳಿಂದ ಎದುರಿಸುತ್ತದೆ. ಸೂಕ್ಷ್ಮ ರಕ್ತನಾಳಗಳು ಸೋರುವ ಅಪಾಯವೂ ಉಂಟು. ಆದರೂ ಡಿಫ್ತೀರಿಯಾ ವಿಷದಿಂದ ರಚಿಸಿದ ಔಷಧವೊಂದು 1999ರಲ್ಲಿ, ಸ್ಯೂಡೊಮೊನಾಸ್ ವಿಷದಿಂದ ರಚಿಸಿದ ಇನ್ನೊಂದು 2018ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದವು. ಎರಡನೆಯದನ್ನು 2023ರಲ್ಲಿ ಅಲ್ಲಿನ ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು.

ಪ್ರಯೋಗಶಾಲೆಯ ಪ್ರತಿ ಯಶಸ್ಸನ್ನೂ ರೋಗಪರಿಹಾರವೆಂದು ಸಾರುವುದು ನೊಂದವರಿಗೆ ಬಗೆಯುವ ಅನ್ಯಾಯ. ಅದನ್ನು ಕಡೆಗಣಿಸುವುದೂ ಅಷ್ಟೇ ಅನ್ಯಾಯ. ಸಾಧಿಸಿದುದೆಷ್ಟು, ಉಳಿದುದೆಷ್ಟು ಎಂದು ಅಳೆದು ಹೇಳುವ ಶಿಸ್ತನ್ನು ವಿದ್ಯಾರ್ಥಿಗಳಲ್ಲಿ ಬೆಳೆಸುವುದೇ ವಿಜ್ಞಾನ ಬೋಧನೆಯ ಸಾರ್ಥಕತೆ.